ಹೊಟ್ಟೆ ತುಂಬ ತತ್ತಿ, ಆದರೂ ಇಡಲೊಲ್ಲದ ಮೀನು!

ನಿಮಗಿದು ಗೊತ್ತೇ? ಸೊಲ್ಲಾಪುರ ಜಿಲ್ಲೆಯ ಹುಲಜಂತಿ ಸೀಮೆಯ ಕೃಷಿ ಹೊಂಡದಲ್ಲಿ ರೋಹು, ಕಟ್ಲಾ ಬಿಟ್ಟರೆ ಅವು ದಷ್ಟಪುಷ್ಟವಾಗಿ ಬೆಳೆಯುತ್ತವೆ. ಹೊಟ್ಟೆ ತುಂಬ ತತ್ತಿಯೂ ಕಟ್ಟುತ್ತದೆ. ಆದರೆ ಒಂದೇ ಒಂದು ತತ್ತಿಯನ್ನೂ ಇಡುವುದಿಲ್ಲ! ಅವಕ್ಕೆ ಮುಂಗಾರಿನ ಹೊಸನೀರು ಬೇಕು, ತುಂಬಿ ಹರಿಯುವ ಹೊಳೆ ಬೇಕು. ನಿಂತ ನೀರು ನಡೆಯದು.

ಹಾಗಾದರೆ ಇಡದೆ ಉಳಿದ ತತ್ತಿ ಏನಾಗುತ್ತದೆ? ತಾಯಿಯ ಮೈಯೇ ಅದನ್ನು ಕರಗಿಸಿ ಹೀರಿಕೊಳ್ಳುತ್ತದೆ! ಒಂದು ಕಿಲೋ ತೂಕದ ರೋಹುವಿನಲ್ಲಿ ಸುಮಾರು ಎರಡು ಲಕ್ಷ ತತ್ತಿ ಇರುತ್ತವೆ. ಅಷ್ಟೂ ವಾಪಸ್!

ಈ ಹಟ ಮುರಿದದ್ದು ಒಂದು ಸೂಜಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಬೇರೆ ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಅದರ ರಸವನ್ನು ಮೀನಿಗೆ ಚುಚ್ಚಿದರು. ಮೀನು ತತ್ತಿ ಇಟ್ಟೇಬಿಟ್ಟಿತು! ಅದೇ ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಇಂದು ಸಿದ್ಧ ಹಾರ್ಮೋನ್ ಸಿಗುತ್ತದೆ. ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರ್ ಸಾಕು. ಸಂಜೆ ಚುಚ್ಚಿದರೆ ಬೆಳಗಾಗುವಷ್ಟರಲ್ಲಿ ತತ್ತಿ!

ಗಂಡು ಯಾವುದು, ಹೆಣ್ಣು ಯಾವುದು? ಮಳೆಗಾಲದಲ್ಲಿ ಕಿವಿರಿನ ಹಿಂದಿನ ಈಜುರೆಕ್ಕೆ ಸವರಿ ನೋಡಿ. ಒರಟಾಗಿದ್ದರೆ ಗಂಡು, ನುಣುಪಾಗಿದ್ದರೆ ಹೆಣ್ಣು. ಬೆರಳೇ ಪರೀಕ್ಷಕ!

ತತ್ತಿ ಮಾಗಿದೆಯೋ ಇಲ್ಲವೋ ಎಂದು ತಿಳಿಯುವುದಂತೂ ಇನ್ನೂ ಸೊಗಸು. ಸಣ್ಣ ನಳಿಗೆಯಿಂದ ನಾಲ್ಕು ತತ್ತಿ ಹೊರತೆಗೆದು, ದ್ರಾವಣದಲ್ಲಿ ಪಾರದರ್ಶಕ ಮಾಡಿ, ಮೈಕ್ರೋಸ್ಕೋಪಿನಡಿ ಇಡುತ್ತಾರೆ. ಒಳಗಿನ ಕೋಶಕೇಂದ್ರ ನಟ್ಟನಡುವೆ ಇದ್ದರೆ ಇನ್ನೂ ಕಾಯಬೇಕು. ಅಂಚಿಗೆ ಸರಿದಿದ್ದರೆ ತಾಯಿ ಸಿದ್ಧ!

ತತ್ತಿಯ ಸಿಪ್ಪೆಯಲ್ಲಿ ಒಂದೇ ಒಂದು ಸಣ್ಣ ತೂತು. ಒಂದೇ ವೀರ್ಯಾಣುವಿಗೆ ಪ್ರವೇಶ. ಅದಕ್ಕೂ ನೀರು ಸೋಕಿದ ಮೇಲೆ ಈಜುವ ಶಕ್ತಿ ಇರುವುದು ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು!

ವೀರ್ಯಾಣು ಕೂಡಿದ ತತ್ತಿ ನೀರು ಕುಡಿದು ಗಾಜಿನ ಮಣಿಯಂತೆ ಉಬ್ಬುತ್ತದೆ. ಹದವಾದ ಬಿಸಿಯಿದ್ದರೆ 14ರಿಂದ 18 ಗಂಟೆಯೊಳಗೆ ಮರಿ ಹೊರಗೆ! ಮೊದಲ ಮೂರು ದಿನ ಅದಕ್ಕೆ ಊಟವೇ ಬೇಡ. ಹೊಟ್ಟೆಗೆ ಅಂಟಿದ ಹಳದಿಯ ಬುತ್ತಿ ಇರುತ್ತದೆ.

ಎಲ್ಲ ಮೀನೂ ಇಷ್ಟು ಹಟಮಾರಿಯಲ್ಲ. ಕಾಮನ್ ಕಾರ್ಪ್ ನಿಂತ ನೀರಿನಲ್ಲೇ ಇಡುತ್ತದೆ. ಅದರ ತತ್ತಿ ಅಂಟು, ನೀರುಗಿಡಕ್ಕೆ ಹತ್ತಿಕೊಳ್ಳುತ್ತದೆ. ಭೀಮೆಗೆ ಕಟ್ಟಿದ ಉಜನಿ ಜಲಾಶಯದಲ್ಲಿ ಹೇರಳವಾಗಿರುವ ಚಿಲಾಪಿಯೋ (ತಿಲಾಪಿಯಾ), ತತ್ತಿಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿ ಹೊರಬಂದ ಮೇಲೂ ಅಪಾಯ ಕಂಡರೆ ಮತ್ತೆ ತಾಯಿಯ ಬಾಯಿಗೇ ಓಟ!

ಮಿರಗದ ಮಳೆ ಬಂದು ಭೀಮೆ ತುಂಬಿದಾಗ ನಿಮ್ಮ ಬಲೆಗೆ ಹೊಟ್ಟೆಯುಬ್ಬಿದ ರೋಹು ಬಿದ್ದರೆ ದಯವಿಟ್ಟು ಹೊಳೆಗೇ ಬಿಡಿ. ಅದರೊಳಗೆ ಲಕ್ಷಗಟ್ಟಲೆ ಮೀನುಗಳಿವೆ!