ಬೀದರ್ ರೈಲು ಇಳಿದು ಕಾಲೇಜು ಹುಡುಕುವಾಗ

ಬೀದರಿನ ರೈಲು, ವಾಡಿ–ಕಲಬುರಗಿ ಕಡೆಯ ರೈಲು ಎರಡೂ ವಿಕಾರಾಬಾದಿನಲ್ಲಿ ಒಂದೇ ಹಳಿಗೆ ಕೂಡಿ ಹೈದರಾಬಾದಿಗೆ ಬರುತ್ತವೆ. ನಗರದ ಪಶ್ಚಿಮ ಅಂಚಿನ ಬಾಗಿಲು ಲಿಂಗಂಪಲ್ಲಿ. 2003ರಲ್ಲಿ ಎಂಎಂಟಿಎಸ್ ಲೋಕಲ್ ರೈಲು ಶುರುವಾದ ಮೇಲೆ ಇಲ್ಲಿಂದ ಊರೊಳಗೆ ಹೋಗುವುದು ಸುಲಭವಾಯಿತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನಗಳಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. "ಹುಡುಗನ್ನ ಎಂಪಿಸಿಗೆ ಹಾಕಬೇಕಂತ ಮಾಡೀವ್ರಿ" ಎಂದರು ಜೊತೆಗೆ ಇಳಿದ ಒಬ್ಬ ತಂದೆ.

ರಸ್ತೆಗೆ ಬಂದರೆ ಜೂನಿಯರ್ ಕಾಲೇಜುಗಳ ಫ್ಲೆಕ್ಸ್‌ಗಳು. ರ‍್ಯಾಂಕ್ ಬಂದ ಮಕ್ಕಳ ಮುಖ ದೊಡ್ಡದಾಗಿರುತ್ತದೆ; ಆ ವರ್ಷ ಪರೀಕ್ಷೆಗೆ ಕೂತವರು ಒಟ್ಟು ಎಷ್ಟು ಎಂಬುದು ಇರುವುದಿಲ್ಲ. ಆಫೀಸಿನಲ್ಲಿ ಕೇಳಬೇಕಾದ್ದು ಅದನ್ನೇ: ಈ ರ‍್ಯಾಂಕುಗಳು ಇದೇ ಶಾಖೆಯವಾ? ಸೆಕ್ಷನ್ನಿಗೆ ಎಷ್ಟು ಮಕ್ಕಳು? ಮಧ್ಯದಲ್ಲಿ ಬಿಟ್ಟರೆ ಫೀಸು ವಾಪಸ್ ಬರುತ್ತದಾ?

ಅದಕ್ಕೂ ಮೊದಲಿನ ಗಂಟು ಬೇರೆ ಇದೆ. ನಮ್ಮಲ್ಲಿ ಪಿಯುಸಿಗೆ ಪಿಸಿಎಂಬಿ ತೆಗೆದುಕೊಂಡರೆ ಎಂಜಿನಿಯರಿಂಗ್, ಮೆಡಿಕಲ್ ಎರಡೂ ದಾರಿ ತೆರೆದಿರುತ್ತವೆ. ಇಲ್ಲಿನ ಇಂಟರ್‌ಮೀಡಿಯೆಟ್‌ನಲ್ಲಿ ಗಣಿತದ ಎಂಪಿಸಿ ಒಂದು ಕಡೆ, ಜೀವಶಾಸ್ತ್ರದ ಬೈಪಿಸಿ ಇನ್ನೊಂದು ಕಡೆ. ಹದಿನಾರರ ವಯಸ್ಸಿಗೇ ತೀರ್ಮಾನ ಆಗಬೇಕು.

ಎನ್ಐಟಿ ಲೆಕ್ಕ ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. ಅಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ರಾಜ್ಯ ಯಾವುದೆಂದು ನೋಡುವುದು ಹನ್ನೆರಡನೆಯದನ್ನು ಎಲ್ಲಿ ಪಾಸು ಮಾಡಿದಿರಿ ಎಂಬುದರ ಮೇಲೆ. ಬೀದರಿನ ಹುಡುಗ ಲಿಂಗಂಪಲ್ಲಿಯಲ್ಲಿ ಇಂಟರ್ ಮುಗಿಸಿದರೆ ವಾರಂಗಲ್ ಅವನ ತವರಾಗುತ್ತದೆ, ಸುರತ್ಕಲ್ ಪರರಾಜ್ಯವಾಗುತ್ತದೆ. ಆದರೆ ತೆಲಂಗಾಣದ ಎಂಜಿನಿಯರಿಂಗ್ ಪ್ರವೇಶದಲ್ಲಿ ಸ್ಥಳೀಯ ಎನಿಸಿಕೊಳ್ಳಲು ಎರಡು ವರ್ಷ ಸಾಲದು. ಅರ್ಹತಾ ಪರೀಕ್ಷೆಯವರೆಗೆ ಸತತ ನಾಲ್ಕು ವರ್ಷ ಓದಿರಬೇಕು ಎಂಬುದು ಮುಖ್ಯ ನಿಯಮ. ಕರ್ನಾಟಕದ ಸಿಇಟಿಗೆ ಏಳು ವರ್ಷದ ಓದು ಬೇಕು. ಹತ್ತರವರೆಗೆ ಊರಲ್ಲೇ ಓದಿ ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಎಂಜಿನಿಯರಿಂಗ್ ಮಟ್ಟಿಗೆ ಆ ಬಾಗಿಲು ಮುಚ್ಚುವುದಿಲ್ಲ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟಿನ ಮೀಸಲೂ ಇದೆ. ಹೈದರಾಬಾದಿನಲ್ಲೇ ಬೆಳೆದ ಕನ್ನಡದ ಮನೆಯ ಮಕ್ಕಳಿಗೆ ದಾರಿ ಬೇರೆ: ಹೊರನಾಡ ಕನ್ನಡಿಗರೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕನ್ನಡ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಮಾತಾಡುವ ಕನ್ನಡ ಸಾಲದು, ಅಕ್ಷರ ಬರಬೇಕು.

ಹಳೆ ಮುಂಬೈ ರಸ್ತೆ ಹಿಡಿದು ಗಚ್ಚಿಬೌಲಿ ಕಡೆ ಹೋದರೆ ಹೈದರಾಬಾದ್ ವಿಶ್ವವಿದ್ಯಾಲಯದ ಹೆಬ್ಬಾಗಿಲು. 1974ರಲ್ಲಿ ಸರೋಜಿನಿ ನಾಯ್ಡು ಅವರ ಮನೆ ಗೋಲ್ಡನ್ ತ್ರೆಶೋಲ್ಡ್‌ನಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇದು. ಈಗ ಬಂಡೆ, ಕೆರೆ, ಕುರುಚಲು ಕಾಡಿನ ದೊಡ್ಡ ಕ್ಯಾಂಪಸ್. ಪಿಜಿಗೆ, ಸಂಶೋಧನೆಗೆ ಹೆಸರಾದ ಇಲ್ಲಿ ಹನ್ನೆರಡನೇ ತರಗತಿ ಆದವರಿಗೆ ಐದು ವರ್ಷದ ಇಂಟಿಗ್ರೇಟೆಡ್ ಎಂಎ, ಎಂಎಸ್ಸಿ ಕೋರ್ಸುಗಳಿವೆ. ಪ್ರವೇಶ ಸಿಯುಇಟಿ ಮೂಲಕ, ಇಡೀ ದೇಶಕ್ಕೆ ಒಂದೇ ಅಳತೆ. ಮುಂದೆ ಗಚ್ಚಿಬೌಲಿಯಲ್ಲಿ 1998ರ ಎರಡು ಸಂಸ್ಥೆಗಳು: ಐಐಐಟಿ ಮತ್ತು ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ. ಎದುರು ದಿಕ್ಕಿಗೆ, ಪಟಾನ್‌ಚೆರು ದಾಟಿ ಸಂಗಾರೆಡ್ಡಿ ಕಡೆ ಹೋದರೆ ಕಂದಿಯಲ್ಲಿ 2008ರ ಐಐಟಿ.

ಹುಡುಗನಿಗೆ ಭೌತಶಾಸ್ತ್ರವೋ ಇತಿಹಾಸವೋ ಇಷ್ಟವಿದ್ದರೆ ಎಂಪಿಸಿ ಫ್ಲೆಕ್ಸಿಗಿಂತ ಮೊದಲು ಹೈದರಾಬಾದ್ ವಿಶ್ವವಿದ್ಯಾಲಯದ ಗೇಟಿನ ಒಳಗೆ ಒಮ್ಮೆ ಕರೆದುಕೊಂಡು ಬನ್ನಿ. ಎಂಜಿನಿಯರಿಂಗೇ ಆಗಬೇಕೆಂದರೆ ಯಾವ ರಾಜ್ಯದ ಸೀಟಿಗೆ ಓದುತ್ತಿದ್ದಾನೆಂದು ಮನೆಯಲ್ಲೇ ತೀರ್ಮಾನಿಸಿ. ಸುರತ್ಕಲ್ ಕಣ್ಣಲ್ಲಿದ್ದರೆ ಬೀದರಿನಲ್ಲೇ ಪಿಯುಸಿ ಓದಿಸುವುದು ಲೇಸು. ಅಡ್ವಾನ್ಸ್ ಫೀಸು ಕಟ್ಟುವುದು ಇದಾದ ಮೇಲಿನ ಮಾತು.