ನೆರೆ ಬರುವ ಊರಿನಲ್ಲಿ ಮನೆಯ ಎತ್ತರಕ್ಕೊಂದು ಪ್ರಮಾಣಪತ್ರ

ಪ್ರಶ್ನೆ: ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಗ ಮನೆ ಕೊಳ್ಳುತ್ತಿದ್ದಾನೆ. ಅದು ನೆರೆ ವಲಯದಲ್ಲಿದೆಯಂತೆ, ‘ಎಲಿವೇಶನ್ ಸರ್ಟಿಫಿಕೇಟ್’ ಮಾಡಿಸಬೇಕಂತೆ. ಏನದು?

ಉತ್ತರ: ಸಮುದ್ರಮಟ್ಟದ ಲೆಕ್ಕದಲ್ಲಿ ಮನೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದುಕೊಡುವ ದಾಖಲೆ. ನಮೂನೆ ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ್ದು. ಸಹಿ ಹಾಕುವವರು ಲೈಸೆನ್ಸ್ ಪಡೆದ ಸರ್ವೇಯರ್, ಎಂಜಿನಿಯರ್ ಅಥವಾ ಆರ್ಕಿಟೆಕ್ಟ್. ಒಳಗಿನ ನೆಲವನ್ನಷ್ಟೇ ಅಳೆದರೆ ಸಾಲದು. ಗೋಡೆಗೆ ತಾಗಿದ ಮಣ್ಣು ಎಲ್ಲಿ ಅತಿ ತಗ್ಗಾಗಿದೆ, ಗ್ಯಾರೇಜಿನ ನೆಲ ಎಷ್ಟಿದೆ, ಎ.ಸಿ. ಯಂತ್ರ ಯಾವ ಮಟ್ಟದಲ್ಲಿ ಕೂತಿದೆ, ಎಲ್ಲವನ್ನೂ ಬರೆದು ಫೋಟೊ ಲಗತ್ತಿಸುತ್ತಾರೆ.

ಈ ಅಳತೆಯನ್ನು ಹೋಲಿಸಿ ನೋಡುವುದು, ಒಂದು ವರ್ಷದಲ್ಲಿ ಬರುವ ಸಂಭವ ಶೇ. 1ರಷ್ಟಿರುವ ನೆರೆಯ ಮಟ್ಟಕ್ಕೆ. ‘ನೂರು ವರ್ಷಕ್ಕೊಮ್ಮೆ’ ಎಂಬ ಮಾತು ನಂಬಿ ಕೂರಬೇಡಿ. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ. 26.

2021ರಲ್ಲಿ ಬಂದ ದರ ಪದ್ಧತಿಯ ನಂತರ ಸರ್ಕಾರಿ ನೆರೆ ವಿಮೆಯ ಕಂತು ಗೊತ್ತುಪಡಿಸಲು ಈ ಪತ್ರ ಕಡ್ಡಾಯವಲ್ಲ; ಕೊಟ್ಟರೆ ಕಂತು ಇಳಿಯಬಹುದು. ದೊಡ್ಡ ಲಾಭ ಬೇರೆಯೇ ಇದೆ. ಮಣ್ಣು ತುಂಬಿಸದ ಸಹಜ ನೆಲವೇ ಆ ನೆರೆಮಟ್ಟಕ್ಕಿಂತ ಮೇಲಿದ್ದರೆ, ಈ ಪತ್ರ ಲಗತ್ತಿಸಿ ಫೀಮಾಗೆ ಶುಲ್ಕವಿಲ್ಲದೆ ಅರ್ಜಿ ಹಾಕಿ ಮನೆಯನ್ನು ಅಪಾಯ ವಲಯದಿಂದ ಬಿಡಿಸಿಕೊಳ್ಳಬಹುದು.

ಸರ್ವೇಯರ್‌ಗೆ ಹಣ ಕೊಡುವ ಮೊದಲು ಮನೆ ಮಾರುವವರನ್ನೂ ಸ್ಥಳೀಯ ನೆರೆ ನಿರ್ವಹಣಾ ಕಚೇರಿಯನ್ನೂ ಕೇಳಲಿ, ಹಳೆಯ ಪತ್ರ ಇದ್ದೀತು. ವಲಯದಿಂದ ಬಿಡುಗಡೆಯಾದರೂ ವಿಮೆ ಮಾತ್ರ ಬಿಡದಿರಲಿ: 2017ರ ಹಾರ್ವೆ ಚಂಡಮಾರುತದಲ್ಲಿ ವಲಯದ ಹೊರಗಿನ ಮನೆಗಳಿಗೂ ನೀರು ನುಗ್ಗಿತ್ತು.