ದೋಷ ಕಂಠದ್ದೋ, ಕೋಣೆಯದೋ?

ಎದುರಿಗೆ ಕುಳಿತು ಕೇಳಿದಾಗ ಇಂಪಾಗಿದ್ದ ಮಗಳ ಹಾಡು, ಮೊಬೈಲಿನಲ್ಲಿ ಮುದ್ರಿಸಿ ಕೇಳಿದರೆ ಬಾವಿಯೊಳಗಿಂದ ಬಂದಂತಿರುತ್ತದೆ. ‘ನನ್ನ ದನಿಯೇ ಚೆನ್ನಾಗಿಲ್ಲ’ ಎಂದು ಮಗು ಹಾಡುವುದನ್ನೇ ಬಿಡುತ್ತದೆ. ತಂದೆ ಹೊಸ ಮೈಕಿನ ಬೆಲೆ ವಿಚಾರಿಸುತ್ತಾರೆ. ಇವೆರಡಕ್ಕೂ ಮೊದಲು ಪರೀಕ್ಷಿಸಬೇಕಾದದ್ದು ಹಾಡಿದ ಕೋಣೆಯನ್ನು.

ಕಲಬುರಗಿಯ ಅನೇಕ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ ಛತ್ತು. ಕನ್ನಡಿ ಬೆಳಕನ್ನು ಮರಳಿಸಿದಂತೆ ಈ ಗಟ್ಟಿ ಮೈಗಳು ಧ್ವನಿಯನ್ನು ಮರಳಿಸುತ್ತವೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 2 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸೆಕೆಂಡಿನ 85ನೇ ಒಂದು ಭಾಗ ಸಾಕು. ಪ್ರತಿಧ್ವನಿ ಬೇರೆಯಾಗಿ ಕೇಳಿಸಲು ಸುಮಾರು 10ನೇ ಒಂದು ಭಾಗದಷ್ಟು ಅಂತರ ಬೇಕು. ಹಾಗಾಗಿ ಮರಳಿದ ಧ್ವನಿ ಹಾಡಿಗೇ ಅಂಟಿಕೊಂಡು ಅದನ್ನು ಮಸುಕಾಗಿಸುತ್ತದೆ. ಇದೇ ಅನುರಣನ. ನಮ್ಮ ಎರಡು ಕಿವಿ ಮತ್ತು ಮೆದುಳು ಸೇರಿ ಇದನ್ನು ಬಹುಮಟ್ಟಿಗೆ ಬದಿಗೊತ್ತುತ್ತವೆ. ಮೈಕಿಗೆ ಆ ಜಾಣತನವಿಲ್ಲ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಖಾಲಿ ಕೋಣೆಯಲ್ಲಿ ಒಮ್ಮೆ, ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಮುದ್ರಿಸಿ ಕೇಳಿರಿ. ಕೋಣೆಯ ಚಪ್ಪಾಳೆಗೆ ಬಾಲವಿರುತ್ತದೆ, ತೋಟದ್ದಕ್ಕೆ ಇರುವುದಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು 5.5 ಸೆಕೆಂಡು ಗುಂಯ್‌ಗುಡುತ್ತಿತ್ತು. 1895ರಲ್ಲಿ ಅದರ ಪರಿಹಾರಕ್ಕೆ ತೊಡಗಿದ ವ್ಯಾಲೇಸ್ ಸಬೈನ್ ಸಮೀಪದ ರಂಗಮಂದಿರದ ಆಸನದ ದಿಂಬುಗಳನ್ನು ತಂದಿಡಿಸಿದರು. ದಿಂಬು ಹೆಚ್ಚಿದಂತೆ ಅನುರಣನ ತಗ್ಗಿತು. ನಮ್ಮಲ್ಲಿ ಆ ಕೆಲಸಕ್ಕೆ ಕೌದಿ ಇದೆ! ಹಳೆಯ ಸೀರೆ, ಧೋತರಗಳ ಪದರಗಳ ಸಂದಿಯಲ್ಲಿ ಧ್ವನಿಯ ಶಕ್ತಿ ಸವೆದು ಅತ್ಯಲ್ಪ ಶಾಖವಾಗುತ್ತದೆ.

ಹಾಡುವವರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಹಗ್ಗದ ಮೇಲೆ ಎರಡು ಕೌದಿ ಇಳಿಬಿಡಿ. ಕಾಲಡಿಗೆ ಜಮಖಾನೆ ಹಾಸಿ. ಮೊಬೈಲು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕಿರಲಿ. ಆಗ ‘ಪ’, ‘ಬ’ ಅಕ್ಷರಗಳ ಉಸಿರು ನೇರವಾಗಿ ಅಪ್ಪಳಿಸದು. ದೂರವನ್ನು ಅರ್ಧಕ್ಕಿಳಿಸಿದರೆ ನೇರ ಧ್ವನಿಯ ತೀವ್ರತೆ ನಾಲ್ಕು ಪಟ್ಟಾಗುತ್ತದೆ, ಕೋಣೆಯ ಅನುರಣನ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಫ್ಯಾನು ನಿಲ್ಲಿಸಿ. ಹೆದ್ದಾರಿ ಬದಿಯ ಮನೆಯವರಿಗೆ ನಸುಕಿನ ಹೊತ್ತು ಲೇಸು. ಧ್ವನಿಮಟ್ಟ ತೋರಿಸುವ ಪಟ್ಟಿ ತುದಿ ಮುಟ್ಟದಂತೆ ನೋಡಿಕೊಳ್ಳಿ. ಹಾಗೆ ಒಡೆದ ಸ್ವರವನ್ನು ಮೊದಲಿನಂತೆ ಮಾಡುವುದು ಕಷ್ಟ.

ಬೇಕಾದರೆ ಅನುರಣನವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಬಹುದು. ಆದರೆ ಹಾಡಿನೊಡನೆ ಬೆರೆತ ಕೋಣೆಯ ಗುಂಗನ್ನು ಪೂರ್ತಿ ತೆಗೆಯುವುದು ಸುಲಭವಲ್ಲ. ಒಂದೇ ಹಾಡನ್ನು ಕೌದಿ ಇಲ್ಲದೆ, ಕೌದಿ ಕಟ್ಟಿ ಎರಡು ಸಲ ಮುದ್ರಿಸಿ ಮಗುವಿಗೆ ಕೇಳಿಸಿರಿ. ಹೊಸ ಮೈಕು ಬೇಕೇ ಎಂಬುದನ್ನು ಆಮೇಲೆ ನಿರ್ಧರಿಸಿದರಾಯಿತು.